ಗಾಲಿಯ ಮೇಲಿನ ಮನಿ

ನಮ್ಮ ಗಲ್ಲಿಗೆ ಉದ್ದನೆಯ ಬಿಳಿ ಗಾಡಿಯೊಂದು ಬಂದು ನಿಂತರೆ ಯಾರೂ ಗಾಡಿಯನ್ನು ನೋಡುವುದಿಲ್ಲ, ಅದರ ಬಾಗಿಲನ್ನು ನೋಡುತ್ತಾರೆ. ಬಾಂದ್ರಾದ ಹಿಲ್ ರೋಡಿನ ಆಸುಪಾಸಿನಲ್ಲಿ ಇದ್ದವರಿಗೆಲ್ಲ ಈ ಅಭ್ಯಾಸ. 1954ರಿಂದ ಮೆಹಬೂಬ್ ಸ್ಟುಡಿಯೊ ಇಲ್ಲೇ ಇದೆ. ಅದರ ಹೊರಗೆ ಸಾಲಾಗಿ ನಿಲ್ಲುವ ವ್ಯಾನಿಟಿ ವ್ಯಾನುಗಳ ಬಾಗಿಲು ತೆರೆದಾಗ ಇಳಿಯುವುದು ಹೀರೋಯಿನ್ನೋ ಮೇಕಪ್ಪಿನ ಹುಡುಗನೋ ಎಂದು ಕಾಯುವುದು ನಮ್ಮೂರಿನ ಪುಕ್ಕಟೆ ಮನರಂಜನೆ.

ಜನವರಿಯ ಆ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅಂಥದೇ ಗಾಡಿ ನಮ್ಮ ಬಿಲ್ಡಿಂಗಿನ ಗೇಟಿಗೆ ಬಂತು. ಪಾವ್ ಮಾರುವವ ಸೈಕಲ್ ನಿಲ್ಲಿಸಿದ. ಕಾರ್ಟರ್ ರೋಡಿಗೆ ವಾಕಿಂಗ್ ಹೊರಟಿದ್ದ ಇಬ್ಬರು ನಿಂತರು. ವಾಚ್‌ಮನ್ ನನ್ನ ಕಿವಿಯ ಹತ್ತಿರ ಬಂದು, "ಶೂಟಿಂಗ್ ಹೈ ಕ್ಯಾ, ಸಾಬ್?" ಎಂದ. ನಾನು ಉತ್ತರಿಸುವುದರೊಳಗೆ ಬಾಗಿಲು ತೆರೆಯಿತು. ಇಳಕಲ್ ಸೀರೆ, ಹಣೆಯ ಮೇಲೆ ಬಿಲ್ಲಿಯಗಲದ ಕುಂಕುಮ, ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ, ಕೈಯಲ್ಲಿ ಕೋಲು. ನಮ್ಮ ದೊಡ್ಡವ್ವ! ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಎಲ್ಲರಿಗಿಂತ ಮೊದಲೇ ಒಳಗೆ ಹೊಕ್ಕು ತಪಾಸಣೆ ಮುಗಿಸಿ ಇಳಿಯುತ್ತಿದ್ದಳು. ಪಾವಿನವನು ಫೋನ್ ತೆಗೆದು ಫೋಟೋ ಹೊಡೆದೇಬಿಟ್ಟ. ಯಾವ ಸಿನಿಮಾದ ಅಜ್ಜಿ ಎಂದು ಅವನು ಮನೆಯವರಿಗೆ ಹೇಳಿದನೋ ಗೊತ್ತಿಲ್ಲ.

ದೊಡ್ಡವ್ವ ಮೆಟ್ಟಿಲ ಮೇಲೆ ನಿಂತೇ ವರದಿ ಒಪ್ಪಿಸಿದಳು. "ತಮ್ಮಾ, ಎಲ್ಲಾ ಬರೋಬ್ಬರಿ ಐತಿ. ಆದ್ರ ಅಡಗೀ ಮನಿಗೂ ಸಂಡಾಸಕ್ಕೂ ನಡಕ ಒಂದ ಹಲಗಿ ಐತೆಲ್ಲೋ!"

ಈ ಪ್ರವಾಸ ಮಗಳ ಮೊದಲ ಸಂಬಳದ್ದು. 2021ರಲ್ಲಿ ಮಹಾರಾಷ್ಟ್ರ ಸರಕಾರ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದ ಮೇಲೆ ಇಂಥ ಗಾಡಿಗಳು ನಮ್ಮಂಥವರಿಗೂ ಬಾಡಿಗೆಗೆ ಸಿಗುತ್ತವೆ ಎಂದು ಹುಡುಕಿದವಳು ಅವಳೇ. ನಾನು, ನನ್ನ ಹೆಂಡತಿ, ಅವಳು. ಎರಡು ರಾತ್ರಿ ಪಂಚಗಣಿ, ಮಹಾಬಳೇಶ್ವರ. ದೊಡ್ಡವ್ವ ಅಷ್ಟರಲ್ಲಿ ಊರಿಗೆ ಮರಳಿರಬೇಕಿತ್ತು. ಆದರೆ ಕರೆದೊಯ್ಯಬೇಕಾದ ಅವಳ ಮಗ, "ಕಬ್ಬಿನ ಗ್ಯಾಂಗ್ ಬಂದೇತಿ, ಇನ್ನೊಂದು ಎಂಟು ದಿನ ನೋಡ್ಕೋ ಅಣ್ಣಾ" ಎಂದು ಫೋನ್ ಮಾಡಿದ. ಆ ರಾತ್ರಿ ಗಂಡ ಹೆಂಡತಿ ಗುಟ್ಟಾಗಿ ಚರ್ಚೆಗೆ ಕೂತೆವು. ಒಂದು ರೂಮು, ಒಂದು ಅಡುಗೆಮನೆಯ ಹಳೇ ಪಗಡಿ ಮನೆಯಲ್ಲಿ ಗುಟ್ಟು ಎಂಬುದೇ ಇರುವುದಿಲ್ಲ. ಕತ್ತಲೆಯಿಂದ ದನಿ ಬಂತು: "ನಾನೂ ಬರ್ತೀನಿ ಬಿಡ್ರಿ. ಪಿಸಿಪಿಸಿ ಮಾತಾಡಿ ಗಂಟ್ಲ ಯಾಕ ಕೆಡಿಸ್ಕೋತೀರಿ?"

ವಾಶಿ ದಾಟುವುದರೊಳಗೆ ಅವಳು ಡ್ರೈವರನ ಹಿಂದಿನ ಸೀಟು ಹಿಡಿದಾಗಿತ್ತು. ಸಾತಾರಾ ಕಡೆಯ ಹುಡುಗ. ದೊಡ್ಡವ್ವನ ಮರಾಠಿ ಪಂಢರಪುರದ ವಾರಿಯಲ್ಲಿ ಕಲಿತದ್ದು. ಅದರಲ್ಲಿ ವಿಠ್ಠಲನ ಹತ್ತಿರ ಮಾತಾಡುವುದಕ್ಕೆ ಬೇಕಾದಷ್ಟು ಶಬ್ದಗಳಿದ್ದವು, ಬೇರೆಯವರಿಗೆ ಸಾಲುತ್ತಿರಲಿಲ್ಲ. ಆದರೂ ಖಂಡಾಲಾ ಬರುವ ಹೊತ್ತಿಗೆ ಅವನ ತಂಗಿಯ ಲಗ್ನ ಯಾಕೆ ಮುರಿಯಿತು ಎಂಬುದು ಅವಳಿಗೆ ತಿಳಿದಿತ್ತು. ಮಗಳು ಮಾತ್ರ ಈ ಪ್ರವಾಸಕ್ಕೆಂದು ಆರಿಸಿಟ್ಟ ಇಂಗ್ಲಿಷ್ ಹಾಡುಗಳನ್ನು ಕಿವಿಗೆ ತುರುಕಿಕೊಂಡು ಮುಖ ಊದಿಸಿ ಕೂತಿದ್ದಳು.

ಗಾಡಿಯ ಒಳಗಿನ ಸಂಸಾರ ಹೀಗಿತ್ತು: ಹಿಂದೆ ಇಬ್ಬರ ಹಾಸಿಗೆ, ನಡುವೆ ಮಡಿಚಿದರೆ ಸೋಫಾ, ಬಿಚ್ಚಿದರೆ ಮಂಚವಾಗುವ ಒಂದು ಪೀಠ, ಡ್ರೈವರನ ತಲೆಯ ಮೇಲೆ ಏಣಿ ಹತ್ತಿ ಮಲಗುವ ಅಟ್ಟ. ಅಂಗೈಯಗಲದ ಸಿಂಕು, ಒಂದು ಇಂಡಕ್ಷನ್ ಒಲೆ, ಇನ್ನೂರು ಲೀಟರಿನ ನೀರಿನ ಟ್ಯಾಂಕು. ಎ.ಸಿ. ನಡೆದಾಗ ಒಲೆ ಹಚ್ಚಬಾರದು, ಒಲೆ ಉರಿಯುವಾಗ ಗೀಸರ್ ಹಾಕಬಾರದು. ಬಾಂದ್ರಾದಲ್ಲಿ ಮೂವತ್ತು ವರ್ಷ ಕಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮುಂಬಯಿಯ ಮಧ್ಯಮ ವರ್ಗದವರೆಲ್ಲ ಹೀಗೇ ಬದುಕುವುದು. ಮನೆಗೆ ಗಾಲಿ ಇಲ್ಲ, ಅಷ್ಟೇ.

ಖಂಬಾಟಕಿ ಘಾಟ್ ಏರುವಾಗ ಗಾಡಿ ದಮ್ಮು ಹತ್ತಿದವರ ಹಾಗೆ ಏದುಸಿರುಬಿಟ್ಟಿತು. ವಾಯಿ ಊರಿನಲ್ಲಿ ಢೋಲ್ಯಾ ಗಣಪತಿಗೆ ಕೈಮುಗಿದು ಪಸರಣಿ ಘಾಟಿನ ಎರಡನೆಯ ತಿರುವಿಗೆ ಬಂದಾಗ ಮೇಲಿನ ಕಪಾಟಿನ ಚಿಲಕ ಕಳಚಿತು. ನಾಲ್ಕು ಸ್ಟೀಲ್ ತಟ್ಟೆ, ಒಂದು ದಬರಿ, ದೊಡ್ಡವ್ವನ ಕರದಂಟಿನ ಡಬ್ಬಿ ಎಲ್ಲ ಹೆಂಡತಿಯ ಕಾಲ ಮೇಲೆ. ಚಿಲಕ ಸರಿಯಾಗಿ ಹಾಕದವನು ನಾನೇ. ಆ ಮಾತನ್ನು ಹೆಂಡತಿ ಪಂಚಗಣಿಯವರೆಗೂ ಮರೆಯಗೊಡಲಿಲ್ಲ.

"ಗಾಡ್ಯಾಗ ಮೊದ್ಲ ಭಾರದ್ದು ಕೆಳಗ ಇಡ್ಬೇಕು, ಗಾಜಿಂದು ಕೌದ್ಯಾಗ ಸುತ್ತಬೇಕು" ಎನ್ನುತ್ತ ದೊಡ್ಡವ್ವ ಎದ್ದು ನಿಂತಳು. ಗಾಡಿ ಓಲಾಡುತ್ತಿದ್ದರೂ ಅವಳು ಓಲಾಡಲಿಲ್ಲ. ಹತ್ತು ನಿಮಿಷದಲ್ಲಿ ಕಪಾಟನ್ನೆಲ್ಲ ಮತ್ತೆ ಜೋಡಿಸಿದಳು. ದಬರಿಯೊಳಗೆ ಲೋಟ, ಲೋಟದೊಳಗೆ ಚಮಚೆ, ಸಂದಿಗೆಲ್ಲ ಟವೆಲ್ಲು. ಆಮೇಲೆ ಒಂದೇ ಒಂದು ಪಾತ್ರೆಯ ಸದ್ದು ಕೇಳಲಿಲ್ಲ. ಮಗಳು ಕಿವಿಯಿಂದ ತಂತಿ ಕಿತ್ತು, "ಅಜ್ಜಿ, ಇದೆಲ್ಲ ಎಲ್ಲಿ ಕಲಿತಿ?" ಎಂದಳು.

"ಮನಿ ಹೊತ್ಕೊಂಡ್ ಹೋಗೂದು ನನಗೇನ್ ಹೊಸಾದ? ನಮ್ಮದನ್ನ ಮೂರು ಟ್ರ್ಯಾಕ್ಟರನ್ಯಾಗ ತಂದೀವಿ."

ದೊಡ್ಡವ್ವನನ್ನು ಕೊಟ್ಟದ್ದು ಬೀಳಗಿ ತಾಲೂಕಿನ, ಕೃಷ್ಣೆಯ ದಂಡೆಯ ಊರಿಗೆ. ಹನ್ನೆರಡಂಕಣದ ಮನೆ. ಆಲಮಟ್ಟಿಯಲ್ಲಿ ನೀರು ನಿಂತಾಗ ಊರು ಹಿನ್ನೀರಿನೊಳಗೆ ಹೋಯಿತು. ಹೋಗುವ ಮುಂಚೆ ಎಲ್ಲರೂ ತಮ್ಮ ತಮ್ಮ ಮನೆ ತಾವೇ ಬಿಚ್ಚಿದರು. ತೊಲೆ, ಜಂತಿ, ಕಂಬ, ಕಿಟಕಿ. ದೊಡ್ಡವ್ವ ತಲಬಾಗಿಲಿನ ಚೌಕಟ್ಟಿನ ಜೊತೆ ತಾನೂ ಟ್ರ್ಯಾಕ್ಟರಿನಲ್ಲಿ ಕೂತು ಪುನರ್ವಸತಿ ಕೇಂದ್ರಕ್ಕೆ ಬಂದವಳು. ಈಗಿನ ಸಿಮೆಂಟಿನ ಮನೆಗೂ ಅದೇ ಚೌಕಟ್ಟಿದೆ. ಗೋಡೆಗಿಂತ ಬಾಗಿಲೇ ದೊಡ್ಡದಾಗಿ ಕಾಣುತ್ತದೆ. ಓದು ಬಾರದ ಅವಳಿಗೆ ಎರಡು ಅಂಕಿ ಮಾತ್ರ ಬಾಯಿಪಾಠ. ಒಂದು 519, ನೀರು ಈಗ ನಿಲ್ಲುವ ಮಟ್ಟ. ಇನ್ನೊಂದು 524, ಏರಿಸಬೇಕೆಂದು ಮಾತು ನಡೆದಿರುವ ಮಟ್ಟ. ಹೊಲದ ಯಾವ ಬದು ಯಾವ ಅಂಕಿಗೆ ಬರುತ್ತದೆ ಎಂದು ಬೆರಳು ಮಾಡಿ ತೋರಿಸುತ್ತಾಳೆ. ಬಾಂದ್ರಾದ ಕಡಲ ತಡಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ಹನೇಹಳ್ಳಿಯನ್ನು ಬಿಡದೆ ಬರೆದರು. ಆದರೆ ಅವರ ಹನೇಹಳ್ಳಿ ಬಸ್ಸು ಹತ್ತಿದರೆ ಸಿಗುವಂಥದ್ದು. ದೊಡ್ಡವ್ವನ ಊರಿಗೆ ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ದಾರಿ ಉಂಟು.

ಆ ರಾತ್ರಿ ಪಂಚಗಣಿಯ ಆಚೆ ಒಂದು ಸ್ಟ್ರಾಬೆರಿ ತೋಟದ ಪಕ್ಕ ಗಾಡಿ ನಿಂತಿತು. ತೋಟದವನು ಕೊಟ್ಟ ಹಣ್ಣನ್ನು ದೊಡ್ಡವ್ವ ಕಚ್ಚಿ ನೋಡಿ, "ಹುಳಿ ಐತಿ, ಉಪ್ಪು ಖಾರ ತಾ" ಎಂದಳು. ಉಪ್ಪು ಖಾರ ಹಾಕಿ ತಿಂದೆವು. ಅದಾದ ಮೇಲೆ ಕೆನೆ ಹಾಕಿ ತಿನ್ನುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಊಟಕ್ಕೆ ಖಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಒಲೆ ಹಚ್ಚುವ ಪ್ರಮೇಯವೇ ಬರಲಿಲ್ಲ. ಮಲಗಲು ಮಾತ್ರ ತಕರಾರು. ಅವಳಿಗೆಂದು ಬಿಚ್ಚಿದ ಪೀಠವನ್ನು ಒಲ್ಲೆನೆಂದು ನಡುದಾರಿಯಲ್ಲಿ ಕೌದಿ ಹಾಸಿ, ಸಂಡಾಸದ ಬಾಗಿಲಿಗೆ ತಲೆ ಕೊಟ್ಟು ಮಲಗಿದಳು. ಹೊರಗೆ ಹಲ್ಲು ಕಟಕಟಿಸುವ ಚಳಿ. ರಾತ್ರಿಯಿಡೀ ನಾವು ಮೂವರೂ ದಾಟಲೂ ಆಗದೆ, ಎಬ್ಬಿಸಲೂ ಆಗದೆ ಒದ್ದಾಡಿದೆವು. ಅವಳ ಗೊರಕೆ ಒಂದೇ ಲಯದಲ್ಲಿ ನಡೆದಿತ್ತು.

ಮರುದಿನ ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿ. ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ, ಐದು ನದಿಗಳ ನೀರು ಕೂಡಿ ಕಲ್ಲಿನ ಹಸುವಿನ ಬಾಯಿಂದ ಕೊಳಕ್ಕೆ ಬೀಳುತ್ತದೆ. ಧಾರೆ ಎಷ್ಟು ದಪ್ಪವೆಂದರೆ, ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಬರುವ ಮುನ್ಸಿಪಾಲಿಟಿ ನೀರಿನಷ್ಟು. ದೊಡ್ಡವ್ವ ಕಪ್ಪು ಕನ್ನಡಕ ತೆಗೆದಳು. ಬಗ್ಗಿ, ಅಂಗೈ ಒಡ್ಡಿ, ಬಹಳ ಹೊತ್ತು ನೋಡಿದಳು.

"ಇಷ್ಟ?"

"ಇಷ್ಟೇ ದೊಡ್ಡವ್ವಾ. ಇಲ್ಲಿಂದ ಅರಬ್ಬೀ ಸಮುದ್ರ ಬರೀ 64 ಕಿಲೋಮೀಟರ್. ಆದರೆ ಇವಳು ಅತ್ತ ಹೋಗದೆ ಪೂರ್ವಕ್ಕೆ ತಿರುಗಿ 1,400 ಕಿಲೋಮೀಟರ್ ಹರಿದು ಆಚೆ ಕಡಲು ಸೇರುತ್ತಾಳೆ" ಎಂದು ನಾನು ಭೂಗೋಳ ಒಪ್ಪಿಸಿದೆ.

"ಹತ್ತರದ ಮನಿ ಬಿಟ್ಟು ಅಷ್ಟ್ ದೂರ ಯಾಕ ಕೊಟ್ರಂತ ಈಕೀನ?" ಎಂದಳು. ಆಮೇಲೆ ಸೆರಗಿನಿಂದ ತಾಮ್ರದ ತಂಬಿಗೆ ತೆಗೆದು ಧಾರೆಗೆ ಹಿಡಿದಳು. ತುಂಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ, ಗಾಡಿಯ ಸಿಂಕಿನ ಮೂಲೆಯಲ್ಲಿ ಬೀಳದಂತೆ ಇಟ್ಟು, ಮತ್ತೆ ಕನ್ನಡಕ ಏರಿಸಿಕೊಂಡಳು. ಆ ದಿನ ಡ್ರೈವರನ ಹತ್ತಿರ ಜಾಸ್ತಿ ಮಾತಾಡಲಿಲ್ಲ.

ಮೂರನೆಯ ಬೆಳಿಗ್ಗೆ ನಾನು ಏಳುವಾಗ ಚಹಾದ ವಾಸನೆ. ಮಗಳು ಎಲ್ಲರಿಗಿಂತ ಮೊದಲು ಎದ್ದು ಶುಂಠಿ ಜಜ್ಜಿ ಹಾಕಿ ಮಾಡಿದ್ದಳು. ಹೆಂಡತಿ ಮೊದಲ ಗುಟುಕು ಕುಡಿದು, "ನೀರೆಲ್ಲಿಂದ ತಂದೆ?" ಎಂದಳು. ಹಿಂದಿನ ರಾತ್ರಿ ನಾನು ಮನೆಯ ಬಚ್ಚಲೆಂದು ತಿಳಿದು ಧಾರಾಳವಾಗಿ ಸ್ನಾನ ಮಾಡಿ ಟ್ಯಾಂಕು ಬರಿದು ಮಾಡಿಟ್ಟಿದ್ದೆ. ಮಗಳು ಸಿಂಕಿನ ಮೂಲೆಯತ್ತ ಕೈ ತೋರಿಸಿದಳು. ತಂಬಿಗೆಯ ಬಟ್ಟೆ ಬಿಚ್ಚಿತ್ತು.

ಯಾರೂ ಉಸಿರೆತ್ತಲಿಲ್ಲ. ದೊಡ್ಡವ್ವ ಕೌದಿ ಮಡಚುತ್ತಿದ್ದವಳು ಬಂದು ತಂಬಿಗೆಯೊಳಗೆ ಇಣುಕಿದಳು. ಅದನ್ನು ಬೋರಲು ಹಾಕಿದಳು. ಎರಡು ಹನಿ ಬಿತ್ತು. ಮಗಳ ಕಣ್ಣು ತುಂಬಿದ್ದವು.

"ಇರ್ಲಿ ಬಿಡ ಎವ್ವಾ. ಆಕಿ ನಮ್ಮ ಮನೀನ ಕುಡದಾಳ. ನಾವೂ ಒಂದ್ ಗುಟುಕು ಕುಡ್ಯೂಣು."

ಲೋಟ ಎತ್ತಿಕೊಂಡು ಮೆಟ್ಟಿಲ ಮೇಲೆ ಬಿಸಿಲಿಗೆ ಮುಖ ಮಾಡಿ ಕೂತಳು. ಬಸಿಯಲ್ಲಿ ಸುರುವಿಕೊಂಡು ಸೊರ್ರನೆ ಹೀರಿ ಹೇಳಿದಳು:

"ಸಕ್ರಿ ಕಡಿಮಿ ಆಗೇತಿ ನೋಡು."