ನಡುವೆ ಒಂದು ಗೆರೆ

ದೂರದ ಊರಿನ ದೊಡ್ಡ ಸಂಬಳವೋ, ಇರುವ ಊರಿನ ಚಿಕ್ಕ ಸಂಬಳವೋ? ಇಂಥ ಪ್ರಶ್ನೆಗಳು ಮನೆಯ ಯಜಮಾನನನ್ನು ಕಾಡುವುದು ರಾತ್ರಿ ದೀಪ ಆರಿಸಿದ ಮೇಲೆ. ನಸುಕಿನ ವೇಳೆಗೆ ಒಂದು ಪಕ್ಷ ಗೆದ್ದಿರುತ್ತದೆ. ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಇನ್ನೊಂದು.

1772ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಗೆ ಒದಗಿದ್ದುದು ಇದೇ ಸಂಕಟ. ಹೆಂಡತಿ, ಮೂವರು ಮಕ್ಕಳು; ವರ್ಷಕ್ಕೆ 100 ಗಿನಿ ವರಮಾನ. ಲಾರ್ಡ್ ಷೆಲ್ಬರ್ನ್ ಎಂಬ ಶ್ರೀಮಂತನು 250 ಪೌಂಡು ಕೊಟ್ಟು ತನ್ನ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಕರೆದನು. ಹಣವುಂಟು, ಬಿಡುವೂ ಉಂಟು. ಆದರೆ ದೊಡ್ಡವರ ಆಶ್ರಯವೆಂದರೆ ಆಶ್ರಯವೇ. ಪ್ರೀಸ್ಟ್ಲಿಯು ಲಂಡನ್ನಿನಲ್ಲಿದ್ದ ಮಿತ್ರ ಬೆಂಜಮಿನ್ ಫ್ರಾಂಕ್ಲಿನ್ನನ ಸಲಹೆ ಬೇಡಿದನು.

ಸೆಪ್ಟೆಂಬರ್ 19ರಂದು ಫ್ರಾಂಕ್ಲಿನ್ ಬರೆದ ಉತ್ತರ ಜಾಣನ ಉತ್ತರ. ಏನು ಮಾಡಬೇಕೆಂಬುದನ್ನು ಹೇಳದೆ, ಹೇಗೆ ನಿರ್ಧರಿಸಬೇಕೆಂಬುದನ್ನು ಮಾತ್ರ ತಿಳಿಸಿದನು. ಕಾಗದದ ನಡುವೆ ಒಂದು ಗೆರೆ ಎಳೆಯುವುದು. ಒಂದು ಪಕ್ಕ ಅನುಕೂಲ, ಇನ್ನೊಂದು ಪಕ್ಕ ಪ್ರತಿಕೂಲ. ಮೂರು ನಾಲ್ಕು ದಿನ, ಹೊಳೆದಾಗಲೆಲ್ಲ ಬರೆಯುತ್ತ ಹೋಗುವುದು. ಅನಂತರ ತೂಗುವುದು: ಈ ಕಡೆಯ ಒಂದು ಕಾರಣ ಆ ಕಡೆಯ ಎರಡಕ್ಕೆ ಸಮವೆನಿಸಿದರೆ ಮೂರನ್ನೂ ಹೊಡೆದುಹಾಕುವುದು. ಉಳಿದದ್ದು ಯಾವ ಕಡೆಯೋ ತೀರ್ಮಾನ ಆ ಕಡೆ. ಇದಕ್ಕೆ ಆತನಿಟ್ಟ ಹೆಸರು ವಿವೇಕದ ಬೀಜಗಣಿತ.

ಇಂದಿನ ನಿರ್ಣಯಶಾಸ್ತ್ರ ಇನ್ನೂ ಮುಂದೆ ಹೋಗಿದೆ. ಪ್ರತಿಯೊಂದು ಫಲಕ್ಕೂ ಒಂದು ಬೆಲೆ, ಅದು ಕೈಗೂಡುವ ಸಂಭವಕ್ಕೂ ಒಂದು ಅಂಕಿ. ಎರಡನ್ನೂ ಗುಣಿಸಿ ಕೂಡಿಸಿದಾಗ ಹೆಚ್ಚು ಬಂದ ದಾರಿಯೇ ದಾರಿ. ಆ ಬೆಲೆಯಾದರೂ ಎಲ್ಲರಿಗೂ ಒಂದೇ ಅಲ್ಲ. ಬಡವನ ಕೈಯ ನೂರು ರೂಪಾಯಿ ಸಿರಿವಂತನ ನೂರಕ್ಕಿಂತ ದೊಡ್ಡದೆಂಬ ತತ್ವವನ್ನು ಡೇನಿಯಲ್ ಬರ್ನೂಲಿ 1738ರಲ್ಲಿಯೇ ಗಣಿತಕ್ಕೆ ಇಳಿಸಿದ್ದನು. (ತಿಂಗಳ ಕೊನೆಯಲ್ಲಿ ಸಂಸಾರ ತೂಗಿಸುವ ಗೃಹಿಣಿಗೆ ಈ ತತ್ವ ಹೊಸದೇನಲ್ಲ!)

ಲೆಕ್ಕ ಸರಿಯೇ. ಆದರೆ ತಕ್ಕಡಿಗೆ ಹಾಕುವ ಬೊಟ್ಟುಗಳನ್ನು ಗಣಿತ ಕೊಡಲಾರದು. ಮಕ್ಕಳ ಹೊಟ್ಟೆಪಾಡು ಎಷ್ಟು ತೂಕ, ಸ್ವಾತಂತ್ರ್ಯ ಎಷ್ಟು ತೂಕ ಎಂಬುದನ್ನು ತೂಗುವವನೇ ಹೇಳಬೇಕು. ಬೀಜಗಣಿತದ ನಿಖರತೆ ಇಲ್ಲಿ ದೊರೆಯದೆಂದು ಫ್ರಾಂಕ್ಲಿನ್ನನೇ ಒಪ್ಪಿಕೊಂಡಿದ್ದಾನೆ. ಆತನ ಗೆರೆಯ ಉಪಕಾರ ಬೇರೆ: ರಾತ್ರಿ ಬಂದ ಕಾರಣವೂ ಬೆಳಿಗ್ಗೆ ಬಂದ ಕಾರಣವೂ ಒಂದೇ ಹಾಳೆಯ ಮೇಲೆ ಎದುರುಬದುರಾಗಿ ಕುಳಿತುಕೊಳ್ಳುತ್ತವೆ. ಕೊನೆಗೆ ಬಂದುದೇ ಗೆದ್ದಿತೆಂಬ ಅನ್ಯಾಯ ಅಷ್ಟುಮಟ್ಟಿಗೆ ತಪ್ಪುತ್ತದೆ.

ಪ್ರೀಸ್ಟ್ಲಿ ಒಪ್ಪಿಕೊಂಡನು, 1773ರಲ್ಲಿ ಸಂಸಾರಸಮೇತ ಲೀಡ್ಸ್ ಬಿಟ್ಟನು. ಮರುವರ್ಷ ಆಗಸ್ಟ್ 1ರಂದು ಷೆಲ್ಬರ್ನನ ಬೋವುಡ್ ಭವನದಲ್ಲಿ, ಪಾದರಸದ ಕೆಂಪು ಭಸ್ಮದ ಮೇಲೆ ಮಸೂರದಿಂದ ಬಿಸಿಲನ್ನು ಕೇಂದ್ರೀಕರಿಸಿದಾಗ ಒಂದು ಅನಿಲ ಹೊರಬಂದಿತು. ಅದರಲ್ಲಿ ಮೇಣದ ಬತ್ತಿ ಪ್ರಜ್ವಲಿಸಿ ಉರಿಯಿತು. ಆಮ್ಲಜನಕವೆಂಬ ಹೆಸರು ಅದಕ್ಕೆ ಆಮೇಲೆ ಬಂದುದು. 1772ರ ಕಾಗದದಲ್ಲಿ, ಗೆರೆಯ ಯಾವ ಪಕ್ಕದಲ್ಲಿಯೂ, ಯಾರೂ ಅದನ್ನು ಬರೆಯುವಂತಿರಲಿಲ್ಲ.

ಆಶ್ರಯ ಮುಗಿದದ್ದು 1780ರಲ್ಲಿ. ಮೊದಲೇ ಒಪ್ಪಂದವಾಗಿದ್ದಂತೆ ವರ್ಷಕ್ಕೆ 150 ಪೌಂಡು ವರ್ಷಾಶನ ಮಾತ್ರ ಪ್ರೀಸ್ಟ್ಲಿಗೆ ಸಲ್ಲುತ್ತಿತ್ತು.