ಉಳವಿಯ ದಾರಿಯಲ್ಲಿ ಆಯಿ

ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಕಾಶಿಗೋ ಗೋಕರ್ಣಕ್ಕೋ ಒಯ್ಯಲು ಅಸ್ಥಿ ಉಳಿಯುವುದಿಲ್ಲ. ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ-ಪತ್ರಿ ಹಾಕಿ ಮಣ್ಣು ಮಾಡಿದರೆ ಮುಗಿಯಿತು. ಆದರೂ ಆಯಿಯ ಹೆಸರಲ್ಲಿ ಎಲ್ಲಿಗಾದರೂ ಹೋಗಿಬರಬೇಕು ಅನ್ನಿಸಿದಾಗ ಉಳವಿ ಬಿಟ್ಟು ಬೇರೆ ಊರು ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ನಮ್ಮವರು ಚಕ್ಕಡಿ ಹೂಡುವುದು ಇನ್ನೂ ನಿಂತಿಲ್ಲ. ನಾನು ಬಸ್ಸಿಗೆ ಬರುತ್ತೇನೆ ಅಂದದ್ದಕ್ಕೆ ಕಾಕಾ, "ಬಸ್ಸಿನ್ಯಾಗ ಬಂದ್ರ ಅದು ಜಾತ್ರಿ ಅಲ್ಲೋ, ಪ್ಯಾಟಿಗೆ ಹ್ವಾದಂಗ" ಅಂದ. ಮರುಮಾತಿಲ್ಲದೆ ಮೇವಿನ ಸಿವುಡಿನ ಮೇಲೆ ಹತ್ತಿ ಕೂತೆ.

ಧಾರವಾಡ ದಾಟಿ ಹಳಿಯಾಳದ ಕಡೆ ಹೊರಳಿದರೆ ಎರೆಹೊಲ ಹಿಂದೆ ಬಿದ್ದು ಕೆಂಪು ಮಣ್ಣು, ಕೊಯ್ದ ಭತ್ತದ ಗದ್ದೆ ಶುರುವಾಗುತ್ತವೆ. ನಮ್ಮ ಹಿಂದೆ ಮುಂದೆ ಚಕ್ಕಡಿಗಳ ಸಾಲು. ಎತ್ತುಗಳಿಗೆ ಜೂಲು, ಕೋಡಣಸು, ಕೊರಳ ತುಂಬ ಗೆಜ್ಜೆಸರ. "ಅಡಕೇಶ್ವರ ಮಡಕೇಶ್ವರ" ಎಂದು ಒಬ್ಬ ಕೂಗಿದರೆ ಉಳಿದವರು ಹರಹರ ಮಹಾದೇವ ಅನ್ನುತ್ತಾರೆ. ಉಳವಿಗೆ ಹೋಗಿಬಂದ ಎತ್ತಿಗೆ ಜಡ್ಡು ಬರುವುದಿಲ್ಲ ಎಂದು ಆಯಿ ನಂಬಿದ್ದಳು. ಆದರೂ ಪ್ರತಿ ತಂಗಿನಲ್ಲಿ ಎತ್ತಿನ ಗೊರಸು ಎತ್ತಿ ನೋಡುವುದನ್ನು ಬಿಟ್ಟವಳಲ್ಲ.

ಅವಳ ಜಾತ್ರೆ ತಿಂಗಳು ಮೊದಲೇ ಅಡುಗೆಮನೆಯಲ್ಲಿ ಹೂಡುತ್ತಿತ್ತು. ಬಿಳಿ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ. ನಮ್ಮ ಮಂದಿಗೆ ಎಷ್ಟು ಬೇಕೋ ಅಷ್ಟೇ ಇನ್ನೊಂದು ಗಂಟು ಬೇರೆ ಕಟ್ಟಿಸುವಳು. ಆ ಎರಡನೆಯ ಗಂಟು ಕೈಯಲ್ಲಿ ಬುತ್ತಿ ಇಲ್ಲದೆ ಕಾಲ್ನಡಿಗೆಯಲ್ಲಿ ಬರುವವರಿಗೆ. ಅದು ಮುಗಿಯದೆ ವಾಪಸು ಬಂದ ವರ್ಷ ಸೊಸೆಯಂದಿರಿಗೆ ಬೈಗುಳ ಖಾತ್ರಿ. "ಹಸದವರು ಸಿಗಲಿಲ್ಲಂದ್ರ ನೀವು ಹುಡುಕಿಲ್ಲ" ಅನ್ನುವಳು.

ಹಳಿಯಾಳದ ಆಚೆ ಒಂದು ಗದ್ದೆಯಲ್ಲಿ ವಸ್ತಿ ಬಿದ್ದೆವು. ನಸುಕಿನಲ್ಲಿ ನಮ್ಮ ಅತ್ತೆ ತಂಬಿಗೆ ಹಿಡಿದು ಲಿಂಗಪೂಜೆಗೆ ಕೂತಳು. ಅವಳ ಕೊರಳಲ್ಲಿರುವುದು ಆಯಿಯ ಬೆಳ್ಳಿ ಕರಡಿಗೆ. ದಿನಾ ಹೆಬ್ಬೆರಳು ತಾಗಿ ತಾಗಿ ಅದರ ಮುಚ್ಚಳದ ಮೇಲಿನ ಕೆತ್ತನೆ ಒಂದು ಮಗ್ಗುಲಲ್ಲಿ ಪೂರ್ತಿ ಅಳಿಸಿಹೋಗಿದೆ, ಇನ್ನೊಂದು ಮಗ್ಗುಲಲ್ಲಿ ಬಳ್ಳಿ ಹಾಗೇ ಇದೆ. ಆಯಿ ಪೂಜೆಗೆ ಕೂತರೆ ಎತ್ತು ಕಣ್ಣಿ ಹರಿದುಕೊಂಡರೂ ದೃಷ್ಟಿ ಅಂಗೈ ಬಿಟ್ಟು ಕದಲುತ್ತಿರಲಿಲ್ಲ. ಮೂಗಿಗೆ ಮಾತ್ರ ಆ ನೇಮ ಇರಲಿಲ್ಲ. ಪಲ್ಯ ತಳ ಹಿಡಿದ ವಾಸನೆ ಬಂದರೆ ಲಿಂಗವನ್ನೇ ನೋಡುತ್ತ, "ಒಲಿ ಸಣ್ಣ ಮಾಡ್ರೇ" ಅನ್ನುವಳು. ಮಂತ್ರ ಎಲ್ಲಿ ಮುಗಿಯಿತು, ಒಲೆಯ ಮಾತು ಎಲ್ಲಿ ಶುರುವಾಯಿತು ಎಂದು ನಮಗೆ ತಿಳಿಯುತ್ತಿರಲಿಲ್ಲ.

ದಾಂಡೇಲಿ ದಾಟಿದ ಮೇಲೆ ಕಾಡು. ಇದೆಲ್ಲ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ, ಮೊದಲಿನಂತೆ ಒಲೆಗೆ ಕಟ್ಟಿಗೆ ಮುರಿಯುವಂತಿಲ್ಲ. ಆಯಿ ಊರಿಂದಲೇ ಕುಳ್ಳು ಹೇರಿಕೊಂಡು ಬರುತ್ತಿದ್ದವಳು, ಅವಳಿಗೆ ಈ ಕಾಯಿದೆಯಿಂದ ತೊಂದರೆಯೇ ಆಗುತ್ತಿರಲಿಲ್ಲ. ಜೋಯಿಡಾ ತಾಲೂಕನ್ನು ಅವಳು ಕಡೆತನಕ ಸೂಪಾ ಅಂತಲೇ ಕರೆದಳು. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ನಮ್ಮ ಹೊಲಮನೆಗಳಿಗೆ ಹರಿಯುವ ಕರೆಂಟಿನಲ್ಲಿ ಆ ಊರಿನ ಪಾಲೂ ಇದೆ.

ಗುಂದದ ಏರು-ಇಳಿತ ಮುಗಿಸಿ ಉಳವಿ ಮುಟ್ಟಿದಾಗ ಚಕ್ಕಡಿ ಬಿಡಲು ಜಾಗವಿರಲಿಲ್ಲ. 1167ರಲ್ಲಿ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಹೊತ್ತಿ ಉರಿದಾಗ ಚನ್ನಬಸವಣ್ಣ ವಚನಗಳ ಕಟ್ಟುಗಳನ್ನೂ ಶರಣರನ್ನೂ ಕಾಪಾಡಿಕೊಂಡು ಈ ಕಾಡಿಗೆ ಬಂದು ಐಕ್ಯನಾದ ಎಂದು ಪರಂಪರೆ ಹೇಳುತ್ತದೆ. ಸಮಾಧಿಯ ದರ್ಶನಕ್ಕೆ ನೂಕುನುಗ್ಗಲು. ಕಾಯಿ ಒಡೆಸಿ ಬೇಗ ಹೊರಬಂದೆವು.

ಯಾಕೆಂದರೆ ಆಯಿಯ ಮನಸ್ಸೆಲ್ಲ ಅಕ್ಕನಾಗಮ್ಮನ ಗವಿಯ ಕಡೆ. ಬಸವಣ್ಣನ ಅಕ್ಕ, ಚನ್ನಬಸವಣ್ಣನ ತಾಯಿ. ಪುರಾಣ ಹೇಳುವವರು ಮಗನ ಜ್ಞಾನದ ಬಗ್ಗೆ ಗಂಟೆಗಟ್ಟಲೆ ಹೇಳಿದರೆ ಆಯಿ ಕೇಳುತ್ತಿದ್ದುದು ಒಂದೇ: "ಅಷ್ಟು ಜಂಗಮರು ಮಹಾಮನಿಗೆ ಬರ್ತಿದ್ರಲ್ಲ, ರೊಟ್ಟಿ ಬಡದವರು ಯಾರು?" ಅವಳ ಲೆಕ್ಕದಲ್ಲಿ ಉತ್ತರ ನಾಗಮ್ಮನೇ. ಬಸವಣ್ಣನ ಹೆಂಡತಿ ಗಂಗಾಂಬಿಕೆ ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲೇ ಉಳಿದಳು. ನಾಗಮ್ಮ ಮಾತ್ರ ಇಲ್ಲಿತನಕ ಬಂದು, ಮಗನನ್ನು ಈ ಮಣ್ಣಿಗೆ ಒಪ್ಪಿಸಿ, ಮತ್ತೆ ನಡೆದು ತರೀಕೆರೆ ಹತ್ತಿರದ ಎಣ್ಣೆಹೊಳೆಯಲ್ಲಿ ಐಕ್ಯಳಾದಳಂತೆ. ಆಯಿಯೂ ಒಬ್ಬ ಮಗನನ್ನು ಮಣ್ಣು ಮಾಡಿದವಳು. ಅದರ ಬಗ್ಗೆ ನಮ್ಮೊಡನೆ ಮಾತಾಡಿದವಳಲ್ಲ. ಗವಿಯೊಳಗೆ ಬಗ್ಗಿ ಹೋಗಿ ಬಹಳ ಹೊತ್ತು ಕೂತಿರುತ್ತಿದ್ದಳು ಎಂದು ಅತ್ತೆ ಗವಿಯ ಬಾಯಲ್ಲಿ ನಿಂತು ಹೇಳಿದಳು. ಒಳಗೆ ಕತ್ತಲು, ತಣ್ಣನೆ ಕಲ್ಲು. ಒಂದು ಪತ್ರಿ ಇಟ್ಟು ಬಂದೆವು.

ಆಯಿಯನ್ನು ಊರವರು ದೊಡ್ಡ ಭಕ್ತೆ ಅನ್ನುತ್ತಾರೆ. ನನಗನ್ನಿಸುವಂತೆ ಅವಳು ದೊಡ್ಡ ದಾಸೋಹಿ. ದೇವರಿಗೆ ಅವಳು ಕೊಟ್ಟ ಹೊತ್ತಿಗಿಂತ ದಾರಿಯವರಿಗೆ ಕೊಟ್ಟ ಹೊತ್ತು ಹೆಚ್ಚು. ಈ ಸಲ ಎರಡನೆಯ ಗಂಟು ದಾಂಡೇಲಿಗೇ ಖಾಲಿಯಾಯಿತು.

ಒಂದು ಮಾತು ಹೇಳಲೇಬೇಕು. ರಾತ್ರಿ ಕಾಡುದಾರಿಯಲ್ಲಿ ಎದುರಿಗೆ ಬಂದ ಕಾರೊಂದರ ಬೆಳಕಿಗೆ ನಮ್ಮ ಎಡದೆತ್ತು ಬೆದರಿ ಚಕ್ಕಡಿ ಗಟಾರಿನ ಅಂಚಿಗೆ ಹೋಯಿತು, ಕಾಕಾ ಹಗ್ಗ ಜಗ್ಗಿ ಹಿಡಿದ. ಜಾತ್ರೆಯ ವಾರ ಹಳಿಯಾಳ–ದಾಂಡೇಲಿ–ಉಳವಿ ರಸ್ತೆಗೆ ಗಾಡಿ ತರುವವರು ಗೆಜ್ಜೆ ಸದ್ದು ಕೇಳಿದ ಕೂಡಲೇ ಹೆಡ್‌ಲೈಟ್ ತಗ್ಗಿಸಿ, ಹಾರ್ನ್ ಹೊಡೆಯಬೇಡಿ. ಚಕ್ಕಡಿಯಲ್ಲಿ ಮುದುಕಿಯರೂ ಹಸುಗೂಸುಗಳೂ ಮಲಗಿರುತ್ತಾರೆ.