ತಾಮ್ರ ತಿನ್ನುವ ನೀರು

ಕಾಸರಗೋಡಿನ ನಮ್ಮ ಹೈಸ್ಕೂಲಿನ ಲಿಟ್ಲ್ ಕೈಟ್ಸ್ ಕ್ಲಬ್ಬಿನಲ್ಲಿ ಆರ್ಡುಯಿನೋ ಬೋರ್ಡುಗಳಿವೆ. ಮಕ್ಕಳು ಅವನ್ನು ಚೆನ್ನಾಗಿಯೇ ಬಳಸುತ್ತಾರೆ. ಆದರೆ ಬೋರ್ಡಿನ ಮೇಲಿನ ಆ ಸಪೂರ ಗೆರೆಗಳು ಹೇಗೆ ಬಂದವು ಎಂದು ಕೇಳಿದರೆ ಎಲ್ಲರೂ ಮಾಡು ನೋಡುತ್ತಾರೆ! ಹಾಗಾಗಿ ಈ ಬಾರಿ ಒಂದು ಬೋರ್ಡನ್ನು ನಾವೇ ಮಾಡಿದೆವು.

ಶಾಲೆಯ ಟಾಂಕಿ ತುಂಬಿ ಹರಿಯುವುದು ನಿತ್ಯದ ಕತೆ. ಟಾಂಕಿಯ ಬಾಯಲ್ಲಿ ಎರಡು ವಯರು ಇಳಿಬಿಟ್ಟರೆ, ನೀರು ತಾಗಿದ ಕೂಡಲೇ ಬಜರ್ ಕೂಗಬೇಕು. ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, 9 ವೋಲ್ಟಿನ ಬ್ಯಾಟರಿ, ಇಷ್ಟೇ ಸಾಮಾನು. ಮಕ್ಕಳು ಇಂಕ್‌ಸ್ಕೇಪಿನಲ್ಲಿ ಗೆರೆ ಬಿಡಿಸಿ, ಮೂಲೆಯಲ್ಲಿ 'ಟಾಂಕಿ' ಎಂದು ಕನ್ನಡದಲ್ಲಿ ಬರೆದು, ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರು. ಕಾಗದ ತಾಮ್ರದ ಮೇಲೆ ಕವುಚಿ ಬೀಳುತ್ತದಲ್ಲ, ಅದಕ್ಕೆ. ಪ್ರಿಂಟ್ ಲೇಸರಿನದ್ದೇ ಆಗಬೇಕು, ನುಣುಪು ಕಾಗದದ ಮೇಲೆ. ಅದರ ಟೋನರ್ ಎಂದರೆ ಪ್ಲಾಸ್ಟಿಕ್ ಪುಡಿ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಕರಗಿ ತಾಮ್ರಕ್ಕೆ ಅಂಟುತ್ತದೆ. ಇಂಕ್‌ಜೆಟ್ ಶಾಯಿಗೆ ಆ ಗುಣವಿಲ್ಲ. ನೀರಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆದೆವು. ಅಲ್ಲಲ್ಲಿ ಹರಿದ ಗೆರೆಗೆ ಮಾರ್ಕರ್ ಪೆನ್ನು.

ನಂತರ ಫೆರಿಕ್ ಕ್ಲೋರೈಡ್. ಪ್ಲಾಸ್ಟಿಕ್ ತಟ್ಟೆಯಲ್ಲಿಯೇ ಆಗಬೇಕು, ಲೋಹದ ಪಾತ್ರೆಯನ್ನು ಅದು ಬಿಡುವುದಿಲ್ಲ. ಕೈಗೆ ಗ್ಲೌಸ್ ಹಾಕಿ, ಕಿಟಿಕಿ ತೆರೆದು, ತಟ್ಟೆ ತೂಗುತ್ತಾ ಕುಳಿತೆವು. ಕಾಲು ಗಂಟೆಯಲ್ಲಿ ಅಂಚಿನ ತಾಮ್ರ ಮಾಯವಾಗತೊಡಗಿತು.

ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆ ಹಾಕುತ್ತದೆ ಅಂತ ಪಾಠದಲ್ಲಿ ಉಂಟಲ್ಲ ಮಾಷ್ಟ್ರೇ? ಇಲ್ಲಿ ಕಬ್ಬಿಣದ ಲವಣವೇ ತಾಮ್ರವನ್ನು ಒಳಗೆ ಎಳೆಯುವುದು ಹೇಗೆ?"

ತಟ್ಟೆ ತೂಗುವ ಕೈ ನಿಂತಿತು. ನಮ್ಮ ಸರ್ವಿಸಿನಲ್ಲಿ ಇಂಥ ಪ್ರಶ್ನೆ ಬಂದದ್ದು ಅಪರೂಪ. ಬೋರ್ಡಿಗೆ ಹೋಗಿ ಬರೆದೆವು: ಇಲ್ಲಿ ಕಬ್ಬಿಣ ಲೋಹವಾಗುವುದೇ ಇಲ್ಲ. ಫೆರಿಕ್ ಅಯಾನು ಒಂದು ಇಲೆಕ್ಟ್ರಾನ್ ಪಡೆದು ಫೆರಸ್ ಆಗಿ ನಿಲ್ಲುತ್ತದೆ. ತಾಮ್ರ ಎರಡು ಕೊಡುತ್ತದೆ, ಆದ್ದರಿಂದ ಒಂದು ತಾಮ್ರಕ್ಕೆ ಎರಡು ಫೆರಿಕ್. "ಹಾಗಾದರೆ ಪಾಠದ್ದೂ ಸರಿ, ಇದೂ ಸರಿ," ಎಂದಳು. ಪಾಠದ್ದನ್ನೂ ತೋರಿಸಿದೆವು. ಕೆಲಸ ಮುಗಿದ ದ್ರಾವಣಕ್ಕೆ ಪಾತ್ರೆ ತಿಕ್ಕುವ ಕಬ್ಬಿಣದ ನಾರು ಹಾಕಿಟ್ಟರೆ ಕೆಂಪು ತಾಮ್ರ ಮರಳಿ ಅಡಿಗೆ ಕುಳಿತುಕೊಳ್ಳುತ್ತದೆ. ಉಳಿದ ನೀರಿಗೆ ವಾಷಿಂಗ್ ಸೋಡಾ ಹಾಕಿ, ಕೆಸರನ್ನು ಸೋಸಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇವೆ. ಬಾವಿಯಿರುವ ಅಂಗಳದಲ್ಲಿ ಅದನ್ನು ಚೆಲ್ಲುವಂತಿಲ್ಲ.

ಈ ಹುಡುಗಿ ಪ್ಲಸ್ ವನ್‌ನಲ್ಲಿ ವಿಜ್ಞಾನ ಬೇಡ ಎಂದು ಮೊದಲೇ ಹೇಳಿದ್ದವಳು. ಅಲ್ಲಿ ಪಾಠವೆಲ್ಲ ಇಂಗ್ಲಿಷ್, ಕನ್ನಡದಲ್ಲಿ ಕಲಿತವರಿಗೆ ಆಗದು ಎಂದು ಮನೆಯವರ ಹೆದರಿಕೆ. ಹೆದರಿಕೆ ಸುಳ್ಳಲ್ಲ, ಮೊದಲ ಆರು ತಿಂಗಳು ಕಷ್ಟವೇ. ಆದರೆ ಆ ಪ್ರಶ್ನೆ ಇಂಗ್ಲಿಷ್ ಬರುವವರಿಗೂ ಸುಲಭಕ್ಕೆ ಹೊಳೆಯುವುದಲ್ಲ. ಅವಳ ಅಪ್ಪನಿಗೆ ಇದನ್ನೇ ಹೇಳಿ, ಬೋರ್ಡನ್ನು ಕೈಗೆ ಕೊಟ್ಟೆವು. ಅವರು ತಾಮ್ರದ 'ಟಾಂಕಿ' ಅಕ್ಷರಗಳ ಮೇಲೆ ಬೆರಳಾಡಿಸಿ, "ಅರ್ಜಿ ಹಾಕುವಾಗ ಬರುತ್ತೇನೆ ಮಾಷ್ಟ್ರೇ" ಎಂದಷ್ಟೇ ಹೇಳಿ ಹೋದರು.

ಬಜರ್ ಈಗ ದಿನಾ ಕೂಗುತ್ತಿದೆ. ಅಡಿಗೆಯ ಅಕ್ಕ ಪಂಪು ನಿಲ್ಲಿಸುತ್ತಾರೆ.